ಅಡಗಿ ಕೂತರೆ ಬೆರೆತಂತಾಯಿತೇ?

ಹಳ್ಳಿಗಾಡಿನಲ್ಲಿ ಹೊಸದೊಂದು ಕಲಾ ಮ್ಯೂಸಿಯಂ ಎದ್ದರೆ ಅದರ ಬಗ್ಗೆ ಬರೆಯುವವರ ಕೈಗೆ ಮೊದಲು ಸಿಗುವ ಮಾತು, 'ಸುತ್ತಲಿನ ಪ್ರಕೃತಿಯೊಂದಿಗೆ ಬೆರೆತುಹೋಗಿದೆ' ಎಂಬುದು. ಕಟ್ಟಡ ಗುಡ್ಡದ ಮೈಗೆ ಅಂಟಿಕೊಂಡಿದ್ದರೆ ಬೆರೆತಿದೆ. ಮಾಡಿನ ಮೇಲೆ ಹುಲ್ಲು ಬೆಳೆಸಿದ್ದರೆ ಬೆರೆತಿದೆ. ನೆಲದೊಳಗೆ ಹೂತುಕೊಂಡಿದ್ದರಂತೂ ಕೇಳುವುದೇ ಬೇಡ, ಪೂರ್ತಿ ಬೆರೆತ ಹಾಗೆ. ಈ ಹೊಗಳಿಕೆಗೆ ತಲೆದೂಗುವ ಮುನ್ನ ಆ ಕ್ರಿಯಾಪದವನ್ನು ನಾವು ದಿನಬಳಕೆಯಲ್ಲಿ ಯಾರಿಗೆ ಹೇಳುತ್ತೇವೆ ಎಂದು ನೆನಪಿಸಿಕೊಳ್ಳಿ. ಮದುವೆಮನೆಗೆ ಬಂದು, ಮೂಲೆಯ ಕುರ್ಚಿ ಹಿಡಿದು, ಊಟ ಮುಗಿಸಿ, ಯಾರ ಕಣ್ಣಿಗೂ ಬೀಳದೆ ಹೊರಟುಹೋದ ನೆಂಟನನ್ನು 'ಎಷ್ಟು ಚೆನ್ನಾಗಿ ಬೆರೆತ' ಎಂದು ಯಾರೂ ಹೇಳುವುದಿಲ್ಲ. ಆ ಮಾತು ಸಲ್ಲುವುದು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ನಿಂತವಳಿಗೆ, ಹಂಡೆ ಎತ್ತಲು ಕೈ ಕೊಟ್ಟವನಿಗೆ, ಆ ಮನೆಯ ಹಳೆಯ ಜಗಳ ಗೊತ್ತಿದ್ದೂ ಇಬ್ಬರ ಪಕ್ಕದಲ್ಲೂ ಕೂತು ಮಾತಾಡಿದವನಿಗೆ. ನಮ್ಮ ಮಾತಿನಲ್ಲಿ ಬೆರೆಯುವುದು ಜನರ ನಡುವಿನ ಕೆಲಸ. ಅದು ಕಣ್ಮರೆಯಾಗುವ ವಿದ್ಯೆ ಹೇಗಾಯಿತು?

ಈ ಪ್ರಶ್ನೆಯನ್ನು ಕೇಳಲು ಅತ್ಯಂತ ತಕ್ಕ ಜಾಗ ಜಪಾನಿನ ಸೆಟೊ ಒಳಸಮುದ್ರದ ದ್ವೀಪಗಳು. 'ಬೆರೆತ ಮ್ಯೂಸಿಯಂ' ಎಂಬುದರ ಕಾಶಿ ಅದು. ನಮ್ಮ ವಾಸ್ತುಶಿಲ್ಪದ ವಿದ್ಯಾರ್ಥಿಗಳ ಗೋಡೆಗಳ ಮೇಲೆ ಆ ಕಟ್ಟಡಗಳ ಚಿತ್ರ ಸಾಮಾನ್ಯ. ಅಲ್ಲಿನ ಕಟ್ಟಡಗಳು ಕೆಟ್ಟವು ಎಂಬುದು ನನ್ನ ವಾದವಲ್ಲ. ಅವುಗಳಲ್ಲಿ ಎರಡು ಮೂರು ನಮ್ಮ ಕಾಲದ ಅತ್ಯುತ್ತಮ ಕಟ್ಟಡಗಳೇ. ನನ್ನ ತಕರಾರು ನಾವು ಅವುಗಳಿಗೆ ಕೊಡುತ್ತಿರುವ ಪ್ರಮಾಣಪತ್ರದ ಬಗ್ಗೆ.

ನವೋಶಿಮಾದಿಂದ ಶುರುಮಾಡೋಣ. ಸುಮಾರು ಎಂಟು ಚದರ ಕಿಲೋಮೀಟರಿನ, ಮೂರು ಸಾವಿರದಷ್ಟು ಜನರಿರುವ ಪುಟ್ಟ ದ್ವೀಪ. ಅದರ ದಕ್ಷಿಣದ ಗುಡ್ಡವೊಂದರ ಒಳಗೆ 2004ರಲ್ಲಿ ತಡಾವೊ ಆಂಡೊ ಕಟ್ಟಿದ ಚಿಚು ಕಲಾ ಮ್ಯೂಸಿಯಂ ಇದೆ. 'ಚಿಚು' ಎಂದರೇ ನೆಲದೊಳಗೆ ಎಂದರ್ಥ. ಸಮುದ್ರದ ಕಡೆಯಿಂದ ನೋಡಿದರೆ ಗುಡ್ಡ, ಮರ, ಅಷ್ಟೇ. ಒಳಗೆ ಹೋದರೆ ಇಳಿಜಾರು ಓಣಿಗಳು, ಆಕಾಶಕ್ಕೆ ತೆರೆದ ತ್ರಿಕೋನ, ಚೌಕದ ಅಂಗಳಗಳು, ಮೇಲಿನಿಂದ ಇಳಿಯುವ ಹಗಲಿನ ಬೆಳಕು. ಮೋನೆಯ ನೀರನೈದಿಲೆಯ ಐದು ಚಿತ್ರಗಳು, ವಾಲ್ಟರ್ ಡಿ ಮರಿಯಾ ಇಟ್ಟ ಕಲ್ಲಿನ ದೊಡ್ಡ ಗೋಳ, ಜೇಮ್ಸ್ ಟರೆಲ್‌ನ ಬೆಳಕಿನ ಕೋಣೆಗಳು. ಮೂರೇ ಕಲಾವಿದರಿಗಾಗಿ ಇಡೀ ಗುಡ್ಡ. ಮೋಡ ಬಂದರೆ ಮೋನೆ ಮಂಕಾಗುತ್ತಾನೆ, ಬಿಸಿಲು ಬಿದ್ದರೆ ಬೇರೆಯಾಗುತ್ತಾನೆ. ಇದನ್ನು ಹೊಗಳದಿರುವುದು ಕಷ್ಟ.

ಆದರೆ ಗುಡ್ಡದೊಳಗೆ ಕಟ್ಟಡವನ್ನು ಅಡಗಿಸಬೇಕಾದರೆ ಮೊದಲು ಗುಡ್ಡವನ್ನು ಅಗೆಯಬೇಕು. ಅಗೆದು, ಕಾಂಕ್ರೀಟ್ ಸುರಿದು, ಮತ್ತೆ ಮಣ್ಣು ಮುಚ್ಚಿ, ಮತ್ತೆ ಗಿಡ ನೆಡಬೇಕು. ಗುಡ್ಡಕ್ಕೆ ಅದು ಹೊಟ್ಟೆ ಕೊಯ್ದು ಹೊಲಿಗೆ ಹಾಕಿದ ಹಾಗೆ. ಹೊಲಿಗೆ ಕಾಣುವುದಿಲ್ಲ ಎಂಬುದು ವೈದ್ಯರ ಕೈಚಳಕ, ಅದನ್ನು ರೋಗಿಯ ಸೌಖ್ಯ ಎಂದು ತಿಳಿಯಬಾರದು. ಇನ್ನೊಂದು ತಮಾಷೆಯೂ ಇದೆ. ನೆಲದ ಮೇಲೆ ನಿಂತವರಿಗೆ ಕಾಣದ ಈ ಕಟ್ಟಡ ಪ್ರಪಂಚಕ್ಕೆಲ್ಲ ಪರಿಚಯವಾಗಿರುವುದು ಆಕಾಶದಿಂದ ತೆಗೆದ ಫೋಟೊದಿಂದ: ಹಸಿರು ಗುಡ್ಡದ ಮೇಲೆ ರೇಖಾಗಣಿತದ ಆಕೃತಿಗಳು ಕೊರೆದಂತೆ ಕೂತಿರುವ ಚಿತ್ರ. ಊರವರ ಕಣ್ಣಿಗೆ ಅಡಗಿ ಕ್ಯಾಮೆರಾದ ಕಣ್ಣಿಗೆ ಎದ್ದು ಕಾಣುವುದಕ್ಕೆ ವಿನಯ ಎಂಬ ಹೆಸರು ಸರಿಹೊಂದುತ್ತದೆಯೇ, ನೀವೇ ಹೇಳಿ.

ಇರಲಿ. ಇದಕ್ಕಿಂತ ದೊಡ್ಡ ಸಂಗತಿ ಅದೇ ದ್ವೀಪದ ಇನ್ನೊಂದು ತುದಿಯಲ್ಲಿದೆ. ನವೋಶಿಮಾದ ಉತ್ತರದಲ್ಲಿ 1917ರಿಂದಲೂ ಮಿತ್ಸುಬಿಷಿಯ ತಾಮ್ರ ಕರಗಿಸುವ ಕಾರ್ಖಾನೆ ನಡೆಯುತ್ತಿದೆ. ಆದಾಯವಿಲ್ಲದೆ ಕಂಗೆಟ್ಟಿದ್ದ ಊರು ಅದನ್ನು ಒಪ್ಪಿಕೊಂಡಿತು. ಕೂಲಿ ಬಂತು, ಶಾಲೆ ಬಂತು, ಜೊತೆಗೆ ಗಂಧಕದ ಹೊಗೆಯೂ ಬಂತು. ಆ ಹೊಗೆಗೆ ಉತ್ತರದ ಗುಡ್ಡಗಳ ಹಸಿರು ಸತ್ತು ಬೋಳಾಯಿತು. ದಕ್ಷಿಣ ಭಾಗ ಮಾತ್ರ 1934ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದ್ದು ಹಸಿರಾಗಿ ಉಳಿಯಿತು. ಒಂದು ದ್ವೀಪಕ್ಕೆ ಎರಡು ಮುಖ: ಒಂದು ದುಡಿಯುವುದಕ್ಕೆ, ಇನ್ನೊಂದು ತೋರಿಸುವುದಕ್ಕೆ. ಚಿಚು ಬೆರೆತಿದೆ ಎನ್ನುವವರು ಯಾವ ಮುಖದೊಂದಿಗೆ ಬೆರೆತಿದೆ ಎಂದು ಹೇಳುವುದೇ ಇಲ್ಲ. 'ಸುತ್ತಲಿನ ಭೂದೃಶ್ಯ' ಎಂದಾಗ ಅವರ ಕಣ್ಣು ದಕ್ಷಿಣಕ್ಕೆ ತಿರುಗಿರುತ್ತದೆ. ದುಡಿಯುವ ಮುಖ ಅವರ ಲೆಕ್ಕದಲ್ಲಿ ಭೂದೃಶ್ಯವೇ ಅಲ್ಲ.

ಪಕ್ಕದ ತೆಶಿಮಾದ ಕಥೆ ಇನ್ನೂ ಉರಿಯುವಂಥದ್ದು. ಕನ್ನಡದಲ್ಲಿ ಈ ದ್ವೀಪದ ಬಗ್ಗೆ ಬರೆದವರು ನೀರಹನಿಯ ಬಗ್ಗೆ ಬರೆಯುತ್ತಾರೆಯೇ ಹೊರತು ಕಸದ ಬಗ್ಗೆ ಬರೆಯುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೆಸರಿನ ಅರ್ಥ ಹುಲುಸಾದ ದ್ವೀಪ. ಒಳ್ಳೆಯ ಒರತೆ ನೀರಿದ್ದು, ಚಿಕ್ಕ ದ್ವೀಪಗಳಲ್ಲಿ ಅಪರೂಪವಾದ ಭತ್ತದ ಬೆಳೆ ಇತ್ತು. 1970ರ ದಶಕದಲ್ಲಿ ಇದರ ಪಶ್ಚಿಮ ತುದಿಯ ಜಮೀನಿನ ಮಾಲೀಕನೊಬ್ಬ ಕಸ ವಿಲೇವಾರಿಯ ವ್ಯಾಪಾರಕ್ಕೆ ಹೊರಟ. ಊರವರು ವಿರೋಧಿಸಿದರು. ಆಗ ಅರ್ಜಿ ಬದಲಾಯಿತು: ಕಸವಲ್ಲ, ಎರೆಹುಳು ಸಾಕುತ್ತೇವೆ, ಅದಕ್ಕೆ ಬೇಕಾದ ನಿರಪಾಯಕಾರಿ ಕೆಸರು ಮಾತ್ರ ತರುತ್ತೇವೆ. ಕಗಾವಾ ಪ್ರಾಂತ್ಯದ ಸರ್ಕಾರ 1978ರಲ್ಲಿ ಪರವಾನಗಿ ಕೊಟ್ಟಿತು. ಎರೆಹುಳುವಿನ ಹೆಸರಲ್ಲಿ ಬಂದದ್ದು ಪುಡಿ ಮಾಡಿದ ಹಳೆ ಕಾರುಗಳ ಚೂರು, ಕೆಟ್ಟ ಎಣ್ಣೆ, ಕಾರ್ಖಾನೆಗಳ ಕೊಳಕು. ಅದನ್ನು ಬಯಲಿನಲ್ಲೇ ಸುಟ್ಟರು. ಊರವರು ದೂರು ಕೊಟ್ಟರೆ ಅಧಿಕಾರಿಗಳು, ಇದು ಕಸವಲ್ಲ, ಲೋಹ ತೆಗೆಯುವ ಕಚ್ಚಾವಸ್ತು ಎಂದು ಸಮಜಾಯಿಷಿ ಕೊಟ್ಟರು. ಕೊನೆಗೆ 1990ರಲ್ಲಿ ದಾಳಿ ಮಾಡಿ ನಿಲ್ಲಿಸಿದ್ದು ಪಕ್ಕದ ಹ್ಯೋಗೊ ಪ್ರಾಂತ್ಯದ ಪೊಲೀಸರು. ಅಷ್ಟರಲ್ಲಿ ಪತ್ರಿಕೆಗಳ ಬಾಯಲ್ಲಿ ಹುಲುಸಾದ ದ್ವೀಪ 'ಕಸದ ದ್ವೀಪ'ವಾಗಿತ್ತು.

ಅಲ್ಲಿಂದ ಹತ್ತು ವರ್ಷ ಊರವರು ಹೋರಾಡಿದರು. ಮೀನುಗಾರರು, ರೈತರು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಸಮುದ್ರ ದಾಟಿ ಪ್ರಾಂತ್ಯದ ಕಚೇರಿಯ ಮುಂದೆ ನಿಂತರು, ಊರೂರು ತಿರುಗಿ ಸಭೆ ನಡೆಸಿದರು. 2000ದಲ್ಲಿ ರಾಜಿ ಒಪ್ಪಂದವಾಯಿತು, ಗವರ್ನರ್ ದ್ವೀಪಕ್ಕೇ ಬಂದು ಕ್ಷಮೆ ಕೇಳಿದರು. ಕಸವನ್ನೆಲ್ಲ ಹೊರಸಾಗಿಸಬೇಕೆಂದು ತೀರ್ಮಾನವಾಯಿತು. ಎಲ್ಲಿಗೆ? ನವೋಶಿಮಾಕ್ಕೆ. ಅಲ್ಲಿನ ತಾಮ್ರದ ಕಾರ್ಖಾನೆಯ ಪಕ್ಕದಲ್ಲೇ ಕಸ ಕರಗಿಸುವ ಕುಲುಮೆ ಕಟ್ಟಿದರು. 2003ರಲ್ಲಿ ಅದು ಉರಿಯತೊಡಗಿತು. ಹಡಗಿನಲ್ಲಿ ಕಸ ಹೊರುವ ಕೆಲಸ 2017ರ ತನಕ ನಡೆಯಿತು. ಒಟ್ಟು ಒಂಬತ್ತು ಲಕ್ಷ ಟನ್ನಿಗೂ ಹೆಚ್ಚು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2003ರಲ್ಲಿ ನವೋಶಿಮಾದ ಉತ್ತರದಲ್ಲಿ ಕುಲುಮೆ. ಮರುವರ್ಷ ಅದೇ ದ್ವೀಪದ ದಕ್ಷಿಣದಲ್ಲಿ, ಗುಡ್ಡದೊಳಗೆ ಅಡಗಿದ ಮೋನೆ. ಎರಡೂ ಕಟ್ಟಡಗಳು ಆ ದ್ವೀಪದ್ದೇ. ಸೆಟೊ ಸಮುದ್ರದ ಆ ತಿಳಿಯಾದ ನೋಟದ ಋಣ ಯಾವುದರ ಮೇಲೆ ಹೆಚ್ಚು ಎಂದು ಕೇಳಿದರೆ, ಪಕ್ಕದ ದ್ವೀಪದ ವಿಷವನ್ನು ಹದಿನಾಲ್ಕು ವರ್ಷ ತಿಂದು ಕರಗಿಸಿದ ಕುಲುಮೆಯ ಹೆಸರನ್ನು ಮೊದಲು ಹೇಳಬೇಕಾಗುತ್ತದೆ. ಅದನ್ನು ಯಾವ ಕಲಾಪತ್ರಿಕೆಯೂ 'ಭೂದೃಶ್ಯದೊಂದಿಗೆ ಬೆರೆತಿದೆ' ಎಂದು ಬರೆಯುವುದಿಲ್ಲ. ಅದಕ್ಕೆ ಚಿಮಣಿ ಇದೆಯಲ್ಲ.

ತೆಶಿಮಾದ ಈಶಾನ್ಯದಲ್ಲಿ, ಕರಾತೊ ಎಂಬ ಊರಿನ ಬಳಿ, 2010ರಲ್ಲಿ ತೆಶಿಮಾ ಕಲಾ ಮ್ಯೂಸಿಯಂ ತೆರೆಯಿತು. ವಾಸ್ತುಶಿಲ್ಪಿ ರ್ಯೂಎ ನಿಶಿಜಾವಾ, ಕಲಾವಿದೆ ರೇ ನೈತೊ. ನೆಲದ ಮೇಲೆ ಬಿದ್ದ ಒಂದು ನೀರಹನಿಯ ಆಕಾರ. ಸುಮಾರು 40 ಮೀಟರ್ ಅಗಲ, 60 ಮೀಟರ್ ಉದ್ದ, ಒಳಗೆ ಒಂದೇ ಒಂದು ಕಂಬವಿಲ್ಲ. ಮಣ್ಣಿನ ದಿಬ್ಬ ಮಾಡಿ, ಅದರ ಮೇಲೆ 25 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಿಪ್ಪನ್ನು ಎರಕ ಹೊಯ್ದು, ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ತೋಡಿ ತೆಗೆದರು. ಮಡಕೆಯನ್ನು ಅಚ್ಚಿನಿಂದ ಬಿಡಿಸಿದ ಹಾಗೆ. ಮೇಲೆ ಎರಡು ದೊಡ್ಡ ಬಾಯಿಗಳು, ಅವುಗಳಿಗೆ ಗಾಜಿಲ್ಲ. ಮಳೆ, ಗಾಳಿ, ಹುಳ, ಹಕ್ಕಿಯ ಕೂಗು ಎಲ್ಲ ಒಳಗೆ. ನೆಲದ ಸೂಜಿಗಾತ್ರದ ತೂತುಗಳಿಂದ ನೀರು ಹನಿಹನಿಯಾಗಿ ಹುಟ್ಟಿ, ಹರಿದು, ಇನ್ನೊಂದು ಹನಿಯನ್ನು ಕೂಡಿ, ಕೊನೆಗೆ ಕೊಳವಾಗುತ್ತದೆ. ಅಲ್ಲಿ ನೋಡುವುದಕ್ಕೆ ಇರುವುದು ಇಷ್ಟೇ, ಮತ್ತು ಇಷ್ಟೇ ಸಾಕು.

ಇಲ್ಲಿ ನಾನು 'ಬೆರೆತಿದೆ' ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. ಕಾರಣ ಆ ಚಿಪ್ಪಿನ ಆಕಾರವಲ್ಲ. ಬಿಳಿ ಕಾಂಕ್ರೀಟಿನ ಹನಿ ಯಾವ ಭತ್ತದ ಗದ್ದೆಯಲ್ಲೂ ಬೆಳೆಯುವುದಿಲ್ಲ, ಬಾಹ್ಯಾಕಾಶದಿಂದ ಇಳಿದಂತೆ ಇದೆ ಎಂದರೂ ನಡೆಯುತ್ತದೆ. ಕಾರಣ ಅದರ ಸುತ್ತಲಿನ ಮೆಟ್ಟಿಲು ಗದ್ದೆಗಳು. ಕರಾತೊದ ಆ ಗದ್ದೆಗಳು ದುಡಿಯುವ ಕೈಯಿಲ್ಲದೆ ಪಾಳುಬಿದ್ದು ಪೊದೆ ಬೆಳೆದಿದ್ದವು. ಮ್ಯೂಸಿಯಂ ಬರುವಾಗ ಊರವರೂ ಮ್ಯೂಸಿಯಂ ನಡೆಸುವ ಪ್ರತಿಷ್ಠಾನವೂ ಸೇರಿ ಪೊದೆ ಕಡಿದು, ಬದು ಕಟ್ಟಿ, ಮತ್ತೆ ನಾಟಿ ಮಾಡಿದರು. ಗದ್ದೆಯ ಬದು ಎಂದರೆ ಏನೆಂದು ಗೊತ್ತಿದ್ದವರಿಗೆ ಇದರ ತೂಕ ಗೊತ್ತಾಗುತ್ತದೆ. ಅದು ಒಮ್ಮೆ ಕಟ್ಟಿ ಫೋಟೊ ತೆಗೆದು ಹೋಗುವ ಕೆಲಸವಲ್ಲ. ಏಡಿ ತೂತು ಮಾಡುತ್ತದೆ, ಮಳೆಗೆ ಕುಸಿಯುತ್ತದೆ, ಕಳೆ ಬರುತ್ತದೆ, ಪ್ರತಿ ವರ್ಷ ಯಾರಾದರೂ ಬಗ್ಗಲೇಬೇಕು. ಆ ಮ್ಯೂಸಿಯಂನಲ್ಲಿ ಹಳ್ಳಿಯೊಂದಿಗೆ ಬೆರೆತ ಭಾಗವೊಂದಿದ್ದರೆ ಅದು ಈ ಬದು.

ಇನ್ನರ್ಧ ಒಪ್ಪದಿರುವುದಕ್ಕೂ ಕಾರಣವಿದೆ. ಈ ದ್ವೀಪದಲ್ಲಿ ನೀರು ಎಂದರೆ ಬರೀ ಧ್ಯಾನದ ವಸ್ತುವಲ್ಲ. ಪಶ್ಚಿಮ ತುದಿಯಲ್ಲಿ ಅಂತರ್ಜಲದ ವಿಷವನ್ನು ತೆಗೆಯುವ ಕೆಲಸ ನಡೆಯುತ್ತಿದ್ದಾಗಲೇ, ಕಸದ ಹಡಗು ಇನ್ನೂ ಓಡಾಡುತ್ತಿದ್ದಾಗಲೇ, ಪೂರ್ವದಲ್ಲಿ ಈ ಶುದ್ಧ ಹನಿಗಳು ಉರುಳಲು ಶುರುವಾದವು. 2010ರಿಂದ 2017ರ ತನಕ ಏಳು ವರ್ಷ ಎರಡೂ ಜೊತೆಯಲ್ಲೇ ನಡೆದವು. ಕಲಾವಿದೆ ಕಸದ ಬಗ್ಗೆ ಕೃತಿ ಮಾಡಬೇಕಿತ್ತು ಎಂದು ನಾನು ಹೇಳಲಾರೆ. ಕಲಾವಿದರಿಗೆ ವಿಷಯ ಕೊಡುವ ಅಧಿಕಾರ ವಿಮರ್ಶಕರಿಗಿಲ್ಲ. ಆದರೆ ಹನಿಯ ಶುದ್ಧತೆಯನ್ನು ಪುಟಗಟ್ಟಲೆ ವರ್ಣಿಸುವ ವಿಮರ್ಶಕರಿಗೆ, ಆ ನೆಲ ಶುದ್ಧವಾಗಿ ಉಳಿದದ್ದು ಯಾರ ದೆಸೆಯಿಂದ ಎಂದು ಒಂದು ಸಾಲು ಬರೆಯಲು ಏನು ಕಷ್ಟ?

ಅಡಗದೆಯೂ ಬೆರೆಯಬಹುದು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಅದೇ ಸಮುದ್ರದಲ್ಲಿದೆ. ಇನುಜಿಮಾ ಎಂಬ ಇನ್ನೂ ಚಿಕ್ಕ ದ್ವೀಪದಲ್ಲಿ 1909ರಲ್ಲಿ ಕಟ್ಟಿ 1919ರಲ್ಲಿ ತಾಮ್ರದ ಬೆಲೆ ಕುಸಿದಾಗ ಬಿಟ್ಟುಹೋದ ಶುದ್ಧೀಕರಣ ಘಟಕದ ಅವಶೇಷವಿತ್ತು. ಕಪ್ಪು ಕಿಟ್ಟದ ಇಟ್ಟಿಗೆಗಳು, ಎತ್ತರದ ಚಿಮಣಿಗಳು. 2008ರಲ್ಲಿ ವಾಸ್ತುಶಿಲ್ಪಿ ಹಿರೋಶಿ ಸಂಬುಇಚಿ ಅದನ್ನೇ ಮ್ಯೂಸಿಯಂ ಮಾಡಿದರು. ಚಿಮಣಿಯನ್ನು ಮುಚ್ಚಲಿಲ್ಲ, ದುಡಿಸಿಕೊಂಡರು: ಬಿಸಿಯಾದ ಗಾಳಿ ಹಳೆಯ ಚಿಮಣಿಯಿಂದ ಮೇಲೇರುತ್ತದೆ, ನೆಲದ ತಂಪಿನಿಂದ ಹಾದ ಗಾಳಿ ಒಳಗೆ ಬರುತ್ತದೆ. ಒಂದು ಕಾಲಕ್ಕೆ ಹೊಗೆ ಉಗುಳಿದ ಚಿಮಣಿ ಈಗ ನೋಡುಗರಿಗೆ ಉಸಿರು ಕೊಡುತ್ತಿದೆ. ಒಳಗೆ ಯುಕಿನೊರಿ ಯಾನಾಗಿ ಅವರ ಕೃತಿ, ಜಪಾನಿನ ಆಧುನಿಕತೆಯನ್ನೇ ಪ್ರಶ್ನಿಸುವಂಥದ್ದು. ಆ ದ್ವೀಪಕ್ಕೆ ಆದ ಗಾಯವನ್ನು ಕಟ್ಟಡ ಹೊದ್ದುಕೊಂಡು ನಿಂತಿದೆ. ಪ್ರವಾಸಿಯ ಕಣ್ಣಿಗೆ ಅದು ಹಸಿರಿನೊಂದಿಗೆ 'ಹೊಂದುವುದಿಲ್ಲ'. ಆದರೆ ಊರಿನ ನೆನಪಿನೊಂದಿಗೆ ಹೊಂದುತ್ತದೆ.

ಇನ್ನೊಂದು ನವೋಶಿಮಾದಲ್ಲೇ ಇದೆ, ಚಿಚುವಿಗಿಂತ ಆರು ವರ್ಷ ಹಿಂದಿನದು. ಹೊನ್ಮುರಾ ಎಂಬ ಹಳೆಯ ಕೇರಿಯಲ್ಲಿ ಖಾಲಿಬಿದ್ದ ಮನೆಗಳನ್ನು ಕಲಾಕೃತಿಗಳಾಗಿಸುವ ಯೋಜನೆ 1998ರಲ್ಲಿ ಶುರುವಾಯಿತು. ಮೊದಲನೆಯದು ಸುಮಾರು ಇನ್ನೂರು ವರ್ಷದ ಹಳೆಯ ಮನೆ, ಹೆಸರು ಕದೊಯಾ. ತತ್ಸುವೊ ಮಿಯಾಜಿಮಾ ಅದರ ನಡುಮನೆಯಲ್ಲಿ ನೀರು ನಿಲ್ಲಿಸಿ, ನೀರಿನಲ್ಲಿ ಅಂಕೆ ಎಣಿಸುವ 125 ಪುಟ್ಟ ದೀಪಗಳನ್ನಿಟ್ಟರು. ಯಾವ ದೀಪ ಎಷ್ಟು ವೇಗದಲ್ಲಿ ಎಣಿಸಬೇಕು ಎಂದು ತೀರ್ಮಾನಿಸಿದವರು ಊರಿನವರು, ಐದು ವರ್ಷದ ಮಗುವಿನಿಂದ ತೊಂಬತ್ತೈದರ ಹಿರಿಯರ ತನಕ. ಒಬ್ಬರ ಕಾಲ ಓಡುತ್ತದೆ, ಇನ್ನೊಬ್ಬರದು ತೆವಳುತ್ತದೆ. ಊರಿನ ಅಜ್ಜಿ ಆ ಮನೆಗೆ ಬಂದರೆ 'ಇದು ನನ್ನದು' ಎಂದು ಬೆರಳು ತೋರಿಸಬಹುದಾದ ಕಲಾಕೃತಿ ಅದು. ಅದು ಬೆರೆತಿದೆಯೋ ಇಲ್ಲವೋ ಎಂದು ಫೋಟೊ ನೋಡಿ ಹೇಳಲು ಬರುವುದಿಲ್ಲ. ಒಳ್ಳೆಯದೇ ಆಯಿತು.

ಇದಕ್ಕೆ ಬರುವ ಎದುರುಮಾತುಗಳು ನನಗೆ ಗೊತ್ತು. ಒಂದು: ಹಾಗಾದರೆ ಗುಡ್ಡದ ನೆತ್ತಿಯ ಮೇಲೆ ಗಾಜಿನ ಗೋಪುರ ಎದ್ದಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತೇ? ಇಲ್ಲ. ಗುಡ್ಡದ ಸಾಲನ್ನು ಕೆಡಿಸದಿರುವುದು ಸೌಜನ್ಯ, ಆ ಸೌಜನ್ಯಕ್ಕೆ ಆಂಡೊ ಅವರಿಗೆ ನಮಸ್ಕಾರ. ಸೌಜನ್ಯವನ್ನು ಸಂಬಂಧ ಎಂದು ಕರೆಯಬೇಡಿ ಎಂದಷ್ಟೇ ನನ್ನ ಮಾತು. ಎರಡು: ಈ ಮ್ಯೂಸಿಯಂಗಳು ಇಲ್ಲದಿದ್ದರೆ ದ್ವೀಪಗಳು ಖಾಲಿಯಾಗುತ್ತಿದ್ದವು. ಇದರಲ್ಲಿ ಸತ್ಯವಿದೆ. 2010ರಲ್ಲಿ ಮೊದಲ ಸೆಟೊಉಚಿ ಕಲೋತ್ಸವ ನಡೆದಾಗ 105 ದಿನಗಳಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು, ಸಾವಿರ ಜನರೂ ಇಲ್ಲದ ದ್ವೀಪಗಳ ದೋಣಿಕಟ್ಟೆಗಳಲ್ಲಿ ಸರತಿ ಸಾಲು ನಿಂತಿತು. ಅಂಗಡಿ ತೆರೆದವು, ಕೆಲವು ಯುವಕರು ಬಂದು ನೆಲೆಸಿದರು. ಆದರೆ ಜನ ಬಂದರು ಎಂಬುದು ಪ್ರವಾಸೋದ್ಯಮದ ಲೆಕ್ಕ. ಅದನ್ನು ಆ ಖಾತೆಯಲ್ಲೇ ಬರೆಯೋಣ, ಸೌಂದರ್ಯದ ಖಾತೆಗೆ ಜಮಾ ಮಾಡುವುದು ಬೇಡ.

ಮೂರನೆಯದು ಹೆಚ್ಚು ಗಟ್ಟಿಯಾದದ್ದು. ಈ ಎಲ್ಲದರ ಹಿಂದಿನ ಶಕ್ತಿಯಾದ ಬೆನೆಸ್ಸೆ ಸಂಸ್ಥೆಯ ಸೋಇಚಿರೊ ಫುಕುತಾಕೆ ಈ ದ್ವೀಪಗಳ ಗಾಯವನ್ನು ಎಂದೂ ಮುಚ್ಚಿಟ್ಟವರಲ್ಲ. ಆಧುನಿಕ ಜಪಾನ್ ತನ್ನ ಕೊಳೆಯನ್ನೆಲ್ಲ ಇಲ್ಲಿಗೆ ತಂದು ಸುರಿಯಿತು, ಅದಕ್ಕೆ ಉತ್ತರವಾಗಿಯೇ ಕಲೆಯನ್ನು ತಂದೆ ಎಂದು ಅವರೇ ವಾದಿಸಿದ್ದಾರೆ. ತಾಮ್ರದ ಹೊಗೆ, ತೆಶಿಮಾದ ಕಸ, ಕುಷ್ಠರೋಗಿಗಳನ್ನು ದಶಕಗಟ್ಟಲೆ ಕೂಡಿಹಾಕಿದ ಓಶಿಮಾದ ಆಸ್ಪತ್ರೆ, ಎಲ್ಲವೂ ಅವರ ಮಾತಿನಲ್ಲಿ ಬರುತ್ತವೆ. ಓಶಿಮಾವನ್ನು ಮೊದಲ ಕಲೋತ್ಸವದಲ್ಲೇ ಸೇರಿಸಿಕೊಂಡರು. ಹಾಗಾಗಿ ನನ್ನ ವಾದದ ಹೆಚ್ಚಿನ ಪೆಟ್ಟು ಬೀಳಬೇಕಾದದ್ದು ಅವರ ಮೇಲಲ್ಲ. ದುಡ್ಡು ಹಾಕಿದ ಉದ್ಯಮಿಯೇ ಬಾಯಿಬಿಟ್ಟು ಹೇಳಿದ ಇತಿಹಾಸವನ್ನು ಅಳಿಸಿ, ಹುಲ್ಲು, ಬೆಳಕು, ಮೌನ ಎಂದು ಜಪ ಮಾಡುವ ನಮ್ಮಂಥ ಬರಹಗಾರರ ಮೇಲೆ. ಉದ್ಯಮಿಗಿಂತ ವಿಮರ್ಶಕ ಮೆತ್ತಗಾದರೆ ಅವನ ಅಗತ್ಯವೇನು?

'ಭೂದೃಶ್ಯ' ಎಂಬ ಪದದಲ್ಲೇ ಅರ್ಧ ಸಮಸ್ಯೆ ಇದೆ ಎನಿಸುತ್ತದೆ. ಅದು ಭೂಮಿಯನ್ನು ನೋಟವಾಗಿಸುತ್ತದೆ. ನೋಡುವವನು ಹೊರಗೆ ನಿಂತಿರುತ್ತಾನೆ, ಅವನಿಗೆ ಗದ್ದೆಯ ಹಸಿರು ಕಾಣುತ್ತದೆ, ಬಡ್ಡಿ ಕಾಣುವುದಿಲ್ಲ. ಸೀಮೆ, ಹೊಲಗೇರಿ, ಗೋಮಾಳ, ಕೆರೆಯಂಗಳ ಎಂಬ ನಮ್ಮ ಹಳೆಯ ಪದಗಳಲ್ಲಿ ಒಂದೂ ಬರೀ ನೋಟದ್ದಲ್ಲ. ಪ್ರತಿಯೊಂದರಲ್ಲೂ ಯಾರಿಗೆ ಯಾವ ಹಕ್ಕು, ಯಾರು ಎಲ್ಲಿ ದನ ಮೇಯಿಸಬಹುದು, ಯಾರನ್ನು ಎಲ್ಲಿ ಇಟ್ಟಿದ್ದಾರೆ ಎಂಬ ಲೆಕ್ಕವಿದೆ. ಆ ಲೆಕ್ಕ ಎಷ್ಟೋ ಸಲ ಕ್ರೂರವಾದದ್ದು. ಆದರೂ ಅದು ನೆಲವನ್ನು ಜನರಿಂದ ಬಿಡಿಸಿ ನೋಡುವುದಿಲ್ಲ. ಆ ಕಣ್ಣಿನಿಂದ ನೋಡಿದರೆ ಮ್ಯೂಸಿಯಂ ಬೆರೆತಿದೆಯೇ ಎಂಬ ಪ್ರಶ್ನೆ ಬೇರೆಯಾಗುತ್ತದೆ. ಜಾಗ ಯಾರದಿತ್ತು, ಈಗ ಅಲ್ಲಿ ಯಾರು ತಿರುಗಾಡಬಹುದು, ಟಿಕೆಟ್ಟಿನ ದುಡ್ಡು ಎಲ್ಲಿಗೆ ಹೋಗುತ್ತದೆ, ಊರ ಹುಡುಗಿಗೆ ಅಲ್ಲಿ ಕಸಗುಡಿಸುವ ಕೆಲಸವಷ್ಟೇ ಸಿಗುತ್ತದೆಯೋ ಅಥವಾ ಪ್ರದರ್ಶನ ಯಾವುದಿರಬೇಕು ಎಂದು ಹೇಳುವ ಕುರ್ಚಿಯೂ ಸಿಗುತ್ತದೆಯೋ. ಇವಕ್ಕೆ ಹುಲ್ಲಿನ ಮಾಡು ಉತ್ತರ ಕೊಡುವುದಿಲ್ಲ.

ಇದೆಲ್ಲ ಜಪಾನಿನ ಮಾತು, ನಮಗೇಕೆ ಎನ್ನುವವರಿಗೆ: 2025ರ ಮೇ ಕೊನೆಗೆ ನವೋಶಿಮಾದ ಹೊನ್ಮುರಾ ಬಳಿ ಏಷ್ಯಾದ ಕಲಾವಿದರಿಗೇ ಮೀಸಲಾದ ಹೊಸ ಮ್ಯೂಸಿಯಂ ತೆರೆಯಿತು. ಅದರ ಆರಂಭದ ಪ್ರದರ್ಶನದಲ್ಲಿದ್ದ ಕಲಾವಿದರಲ್ಲಿ ಮೈಸೂರಿನ ಎನ್. ಎಸ್. ಹರ್ಷ ಕೂಡ ಒಬ್ಬರು. ಆ ಕಟ್ಟಡವೂ ಆಂಡೊ ಅವರದೇ, ಎರಡು ಅಂತಸ್ತು ನೆಲದಡಿ, ಒಂದು ಮೇಲೆ, ಗೋಡೆಯ ಬಣ್ಣ ಕೇರಿಯ ಸುಟ್ಟ ಮರದ ಮನೆಗಳಂತೆ ಕಪ್ಪು. ಅದರ ಬಗ್ಗೆಯೂ 'ಬೆರೆತಿದೆ' ಎಂದು ಬರೆಯುವವರು ಬರೆಯುತ್ತಲೇ ಇದ್ದಾರೆ. ಇನ್ನು ಮುಂದೆ ಕನ್ನಡದಲ್ಲಿ ಆ ಪದ ಬಂದಾಗ ಓದುಗರು ತಡೆದು ನಿಲ್ಲಿಸಿ, ಯಾರೊಂದಿಗೆ ಎಂದು ಕೇಳಲಿ. ಸಾಲುಗಳನ್ನು ಸಾಕಿಕೊಂಡು ಬಂದ ನೂರಾರು ಪುಟ್ಟ ಮನುಷ್ಯರನ್ನು ಒಂದೊಂದಾಗಿ ಬಿಡಿಸುವ ಹರ್ಷ ಅವರ ಕ್ಯಾನ್ವಾಸುಗಳ ಮುಂದೆ ನಿಂತವರಿಗಂತೂ, ಜನರಿಲ್ಲದ ಹಸಿರು ಸಾಕೆನಿಸಬಾರದು.

ತೆಶಿಮಾಕ್ಕೆ ಹೋಗುವ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿಳಾಸ ಹೇಳುತ್ತೇನೆ. ದ್ವೀಪದ ಪಶ್ಚಿಮ ತುದಿಯಲ್ಲಿ, ಕಸ ತಂದು ಸುರಿದ ಕಂಪನಿಯದೇ ಹಳೆಯ ಕಟ್ಟಡದಲ್ಲಿ ಊರವರು ತಮ್ಮದೇ ಒಂದು ಪುಟ್ಟ ಸಂಗ್ರಹಾಲಯ ಮಾಡಿದ್ದಾರೆ. ಅದನ್ನು ಯಾವ ಹೆಸರಾಂತ ವಾಸ್ತುಶಿಲ್ಪಿಯೂ ವಿನ್ಯಾಸ ಮಾಡಿಲ್ಲ. ಒಳಗೆ ಗೋಡೆಗೆ ಕಸದ ಗುಡ್ಡದಿಂದಲೇ ಸಿಪ್ಪೆ ಸುಲಿದಂತೆ ತೆಗೆದ ಒಂದು ಪದರವನ್ನು ನಿಲ್ಲಿಸಿದ್ದಾರೆ: ತಂತಿ, ರಬ್ಬರು, ಬಟ್ಟೆ, ಕರಿ ಮಣ್ಣು. ನೋಡಬೇಕಾದರೆ ಮೊದಲೇ ತಿಳಿಸಿ ಹೋಗಬೇಕು, ಊರವರೇ ಬಂದು ಬಾಗಿಲು ತೆರೆದು ಕಥೆ ಹೇಳುತ್ತಾರೆ.